ಮೂರೂವರೆ ತಿಂಗಳ ಟೆರಿಯರ್ ಮರಿ ಕಾಲು ಬಿಡ್ತಿಲ್ಲ, ಏನು ಮಾಡ್ಲಿ?

ಪ್ರಶ್ನೆ: ನಮ್ಮ ಜ್ಯಾಕ್ ರಸೆಲ್ ಮರಿಗೆ ಸಂಜೆ ಏಳಾದ್ರೆ ಸಾಕು, ದೆವ್ವ ಹೊಕ್ಕ ಹಾಗಾಗುತ್ತೆ. ಸೋಫಾ ಸುತ್ತ ಓಟ, ಆಮೇಲೆ ನನ್ನ ಪೈಜಾಮದ ಅಂಚು ಕಚ್ಚಿ ಜೋತಾಡೋದು. ಸುಸ್ತಾಗಲಿ ಅಂತ ಒಂದು ಗಂಟೆ ಚೆಂಡು ಎಸೆದೆ. ಸುಸ್ತಾಗಿದ್ದು ನನಗೆ. ಗದರಿದ್ರೆ ಆಟ ಅಂದ್ಕೊಂಡು ಇನ್ನೂ ಬೊಗಳುತ್ತೆ.

ಉತ್ತರ 1: ಅದಕ್ಕೆ ಬೇಕಾಗಿರೋದು ಓಟ ಅಲ್ಲ, ನಿದ್ದೆ. ಈ ವಯಸ್ಸಿನ ಮರಿಗಳು ದಿನಕ್ಕೆ 18 ಗಂಟೆಯಷ್ಟು ಮಲಗಬೇಕು. ನಮ್ಮದೂ ಹೀಗೇ ಆಡ್ತಿತ್ತು. ಆರೂವರೆಗೇ ಅದು ಮಲಗೋ ಕಂಬಿ ಗೂಡಿಗೆ, ಅಂದ್ರೆ ಕ್ರೇಟ್‌ಗೆ ಬಿಟ್ಟು, ಮೇಲೊಂದು ಚಾದರ ಹೊದಿಸಿ ದೀಪ ಆರಿಸಿದೆ. ಐದು ನಿಮಿಷ ಗೊಣಗಿ ಮಲಗಿತು. ಚೆಂಡಿನಾಟ ಐದೈದು ನಿಮಿಷ ಸಾಕು, ಗಂಟೆಗಟ್ಟಲೆ ಎಸೆದ್ರೆ ತಲೆಗೆ ಅಮಲೇರುತ್ತೆ ಅಷ್ಟೇ.

ಉತ್ತರ 2: ಹಾಲುಹಲ್ಲು ಬೀಳೋ ಹೊತ್ತೂ ಹತ್ರ ಬಂತು, ಆರು ತಿಂಗಳವರೆಗೆ ಕಚ್ಚೋದು ಇದ್ದಿದ್ದೇ. ಪೈಜಾಮ ಹಿಡಿದಾಗ ಎಳೀಬೇಡಿ, ಎಳೆದ್ರೆ ಅದಕ್ಕೆ ಹಬ್ಬ. ಮರದ ಹಾಗೆ ನಿಂತ್ಬಿಡಿ. ಬಿಟ್ಟ ಕ್ಷಣವೇ ಹಗ್ಗದ ಆಟಿಕೆ ಕೊಡಿ. ನನಗೆ ಮೂರು ವಾರ ಹಿಡೀತು, ಎರಡು ಪ್ಯಾಂಟೂ ಹೋದವು.

ಉತ್ತರ 3: ಬಿಲದಲ್ಲಿ ಅಡಗಿದ ನರಿಯನ್ನ ಹೊರಡಿಸೋಕೆ ಬೆಳೆಸಿದ ತಳಿ ಅದು. ಅಗೆಯೋ ಚಪಲ ರಕ್ತದಲ್ಲೇ ಇದೆ. ಹಳೇ ಟಬ್‌ಗೆ ಮರಳು ತುಂಬಿ ತಿಂಡಿ ಹೂತಿಡಿ.

ಪ್ರಶ್ನೆ ಕೇಳಿದವರು: ಚಾದರದ ಉಪಾಯ ನಿನ್ನೆ ಮಾಡಿದೆ. ಮಲಗಿತು! ಬೆಳಗ್ಗೆ ನೋಡಿದ್ರೆ ಚಾದರ ಅರ್ಧ ಕ್ರೇಟ್ ಒಳಗಿತ್ತು, ಚೂರುಚೂರಾಗಿ.

ಉತ್ತರ 1: ಹೇಳೋದು ಮರೆತೆ. ಹಳೇ ಚಾದರ, ಅಂಚು ಕಂಬಿಗೆ ತಾಗದ ಹಾಗೆ. ನುಂಗಿಲ್ಲ ತಾನೇ? ವಾಂತಿ ಆದ್ರೆ ಕೂಡಲೇ ಡಾಕ್ಟರಿಗೆ ತೋರಿಸಿ.