ಟ್ರ್ಯಾಕ್ ತಿರುವಿನಲ್ಲಿ ಆಯಿಲ್ ಲೈಟ್ ಹತ್ತಿದರೆ ದೊಡ್ಡ ಪಂಪ್ ಹಾಕಿಸಬೇಕಾ?

ಪ್ರಶ್ನೆ: ಸರ್, ನನ್ನದು ಹಳೇ ಸ್ವಿಫ್ಟ್, 1.3 ಪೆಟ್ರೋಲ್. ಬೆಂಗಳೂರಿನಿಂದ ಆಗಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋಗುತ್ತೇನೆ. ಗ್ರಿಪ್ ಜಾಸ್ತಿ ಇರುವ ಟೈರ್ ಹಾಕಿಸಿದ ಮೇಲೆ, ಉದ್ದನೆಯ ತಿರುವಿನಲ್ಲಿ ಆಯಿಲ್ ಲೈಟ್ ಒಂದು ಕ್ಷಣ ಹತ್ತಿ ಆರುತ್ತದೆ. ರೋಡಲ್ಲಿ ಏನೂ ತೊಂದರೆ ಇಲ್ಲ, ಆಯಿಲ್ ಲೆವೆಲ್ ಸರಿ ಇದೆ. ಗ್ಯಾರೇಜಿನವರು ಹೈ ವಾಲ್ಯೂಮ್ (ಹೆಚ್ಚು ಆಯಿಲ್ ತಳ್ಳುವ ದೊಡ್ಡ) ಆಯಿಲ್ ಪಂಪ್ ಹಾಕಿಸಿ ಅಂತಾರೆ. ಹಾಕಿಸಲಾ?

ಉತ್ತರ: ಬೇಡ. ಮೊದಲು ಗಾಡಿಯನ್ನು ಟ್ರ್ಯಾಕ್‌ಗೆ ಇಳಿಸುವುದನ್ನು ನಿಲ್ಲಿಸಿ. ಕಂಪನಿ ಕೊಡುವ ಆ ಲೈಟ್ ಹತ್ತುವುದೇ ಆಯಿಲ್ ಒತ್ತಡ, ಅಂದರೆ ಪ್ರೆಶರ್, ಸುಮಾರು 5 ಪಿಎಸ್‌ಐಗೆ ಬಿದ್ದಾಗ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಅನ್ನುವುದು ನಮ್ಮ ಕೆಲಸದ ಹಳೇ ಲೆಕ್ಕ. 6000ದಲ್ಲಿ ಲೈಟ್ ಹತ್ತಿತು ಅಂದರೆ 60 ಇರಬೇಕಾದ ಕಡೆ ಹೆಚ್ಚುಕಮ್ಮಿ ಏನೂ ಇಲ್ಲ.

ನಿಮ್ಮ ಪಂಪ್ ಬಹುಶಃ ಚೆನ್ನಾಗಿಯೇ ಇದೆ, ಅದಕ್ಕೆ ಆಯಿಲ್ ಸಿಗುತ್ತಿಲ್ಲ ಅಷ್ಟೇ. ತಿರುವಿನಲ್ಲಿ 1 ಜಿ, ಅಂದರೆ ಗಾಡಿಯ ತೂಕದಷ್ಟೇ ಪಕ್ಕದ ಬಲ ಬಂದರೆ ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಒಳಗಿನ ಆಯಿಲ್ 45 ಡಿಗ್ರಿ ವಾಲಿ ನಿಲ್ಲುತ್ತದೆ. ಬಲಕ್ಕೆ ತಿರುಗಿದರೆ ಎಡಗೋಡೆ ಹತ್ತುತ್ತದೆ. ಆಗ ಸ್ಟ್ರೈನರ್, ಅಂದರೆ ಪಂಪ್ ಆಯಿಲ್ ಎಳೆಯುವ ಜಾಲರಿ ಬಾಯಿ, ಗಾಳಿ ಎಳೆಯುತ್ತದೆ. ಹಳೇ ಟೈರಲ್ಲಿ ಅಷ್ಟು ಬಲ ಬರುತ್ತಿರಲಿಲ್ಲ, ಅದಕ್ಕೇ ಈಗ ಶುರುವಾಗಿದೆ. ದೊಡ್ಡ ಪಂಪ್ ಹಾಕಿದರೆ ಆಯಿಲ್ ಇನ್ನೂ ಬೇಗ ಇಂಜಿನ್ ಮೇಲ್ಭಾಗದ ಹೆಡ್‌ಗೆ ಏರುತ್ತದೆ. ಅಲ್ಲಿಂದ ಇಳಿಯುವ ದಾರಿ ಅಷ್ಟೇ ಇರುತ್ತದೆ ಅಲ್ವಾ? ಚೇಂಬರ್ ಇನ್ನೂ ಬೇಗ ಬರಿದಾಗುತ್ತದೆ.

ಚೇಂಬರ್ ಇಳಿಸಿ, ಸ್ಟ್ರೈನರ್ ಸುತ್ತ ತಗಡಿನ ತಡೆ ವೆಲ್ಡ್ ಮಾಡಿಸಿ. ತಡೆಯಲ್ಲಿ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿರಲಿ. ಆಯಿಲ್ ಒಳಗೆ ಬರಬೇಕು, ವಾಪಸ್ ಓಡಬಾರದು. ವೆಲ್ಡಿಂಗ್ ಚೂರು ಒಂದೂ ಉಳಿಯದ ಹಾಗೆ ತೊಳೆಯಿರಿ. ಆಮೇಲೆ ಸ್ಟ್ರೈನರ್ ಬಾಯಿಗೆ ಮಕ್ಕಳ ಕ್ಲೇ ಒಂದು ಉಂಡೆ ಅಂಟಿಸಿ, ಚೇಂಬರ್ ಕೂರಿಸಿ, ಮತ್ತೆ ಬಿಚ್ಚಿ. ಒತ್ತಿದ ಕ್ಲೇ ದಪ್ಪ 6ರಿಂದ 10 ಮಿ.ಮೀ. ಇದ್ದರೆ ಸರಿ. ಅದಕ್ಕಿಂತ ಕಮ್ಮಿ ಇದ್ದರೆ ಆಯಿಲ್ ಎಳೆಯಲು ಕಷ್ಟ, ಜಾಸ್ತಿ ಇದ್ದರೆ ಬೇಗ ಗಾಳಿ ಸಿಗುತ್ತದೆ. ಕ್ಲೇ ಪೂರ್ತಿ ತೆಗೆದು ಒರೆಸಿ. ಚೇಂಬರ್ ಅಂಚಿಗೆ ಹಚ್ಚುವ ಸಿಲಿಕಾನ್ ಪೇಸ್ಟ್ ಸುಮ್ನೆ ಜಾಸ್ತಿ ಹಚ್ಚಬೇಡಿ. ಒಳಗೆ ಉಬ್ಬಿದ ಪೇಸ್ಟ್ ಕಿತ್ತುಬಂದು ಸ್ಟ್ರೈನರ್ ಜಾಲರಿಗೆ ಅಂಟುತ್ತದೆ.

ಜೊತೆಗೆ ಒಂದು ಪ್ರೆಶರ್ ಗೇಜ್, 25 ಪಿಎಸ್‌ಐ ಕೆಳಗೆ ಹತ್ತುವ ದೊಡ್ಡ ಕೆಂಪು ದೀಪ ಹಾಕಿಸಿ. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿ ಅದು ಹತ್ತಿದರೆ ಹತ್ತಲಿ. ತಿರುವಿನಲ್ಲಿ ಹತ್ತಿದರೆ ತಕ್ಷಣ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಅರ್ಧ ಲೀಟರ್ ಆಯಿಲ್ ಜಾಸ್ತಿ ಹಾಕಿದರೆ ಆಗಲ್ವಾ?

ಉತ್ತರ: ಕೆಲವರು ಹಾಕುತ್ತಾರೆ, ನಾನು ಹಾಕಿಸುವುದಿಲ್ಲ. ಮಟ್ಟ ಏರಿದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗನ್ನು ಕಾಪಾಡುವುದಿಲ್ಲ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ ಇನ್‌ಟೇಕ್‌ಗೂ ನುಗ್ಗುತ್ತದೆ.

ಪ್ರಶ್ನೆ: ಡ್ರೈ ಸಂಪ್ ಹಾಕಿಸಿದರೆ?

ಉತ್ತರ: ಅದಕ್ಕಿಂತ ಒಳ್ಳೆಯದು ಇಲ್ಲ. ಬೇರೆ ಪಂಪ್‌ಗಳು ಚೇಂಬರಿನಿಂದ ಆಯಿಲ್ ಎಳೆದು ಎತ್ತರದ ಟ್ಯಾಂಕಿಗೆ ತುಂಬುತ್ತವೆ, ಪ್ರೆಶರ್ ಪಂಪ್ ಆ ಟ್ಯಾಂಕಿನ ತಳದಿಂದ ತೆಗೆದುಕೊಳ್ಳುತ್ತದೆ. 2006ರ ಕಾರ್ವೆಟ್ ಜೀ06 (Z06) ಸ್ಪೋರ್ಟ್ಸ್ ಕಾರು ಫ್ಯಾಕ್ಟರಿಯಿಂದಲೇ ಹಾಗೆ ಬಂತು. ಆದರೆ ಹಳೇ ಸ್ವಿಫ್ಟ್‌ಗೆ ಅದರ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ತಡೆ ಹಾಕಿದ ಮೇಲೂ ಪ್ರೆಶರ್ ಬಿದ್ದರೆ ಅಕ್ಯುಮುಲೇಟರ್ ನೋಡಿ. ಪ್ರೆಶರ್ ಇರುವಾಗ ಆಯಿಲ್ ತುಂಬಿಕೊಂಡು, ಬಿದ್ದಾಗ ಕೆಲವು ಸೆಕೆಂಡ್ ವಾಪಸ್ ಕೊಡುವ ಸಿಲಿಂಡರ್ ಅದು.

ಪ್ರಶ್ನೆ: ಬೈಕಿಗೂ ಇದೇ ಕಥೆನಾ ಅಣ್ಣ?

ಉತ್ತರ: ತಿರುವಿನಲ್ಲಿ ಇಲ್ಲ. ಬೈಕ್ ಜೊತೆ ಇಂಜಿನ್ನೂ ವಾಲುವುದರಿಂದ ಆಯಿಲ್ ತಳದಲ್ಲೇ ಇರುತ್ತದೆ. ಜೋರು ಬ್ರೇಕ್, ವೀಲಿ ಮಾಡಿದಾಗ ಮಾತ್ರ ಹಿಂದೆ ಮುಂದೆ ಓಡುತ್ತದೆ.

ಸ್ವಿಫ್ಟ್‌ನವರೇ, ಇನ್ನೊಂದು ಮಾತು. ಲೈಟ್ ಈಗಾಗಲೇ ಹತ್ತಿದೆ. ಚೇಂಬರ್ ಬಿಚ್ಚಿದಾಗ ಒಂದೆರಡು ಕಾನ್‌ರಾಡ್ ಕ್ಯಾಪ್ (ಪಿಸ್ಟನ್ ರಾಡನ್ನು ಕ್ರ್ಯಾಂಕಿಗೆ ಹಿಡಿಯುವ ಮುಚ್ಚಳ) ತೆಗೆಸಿ ಒಳಗಿನ ಬೇರಿಂಗ್ ಶೆಲ್ ನೋಡಿ. ಉಗುರಿಗೆ ಸಿಗುವ ಗೀರು ಇದ್ದರೆ ಬೇರಿಂಗ್ ಬದಲಿಸದೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.