ಮಂಗಟ್ಟೆ ನಮ್ಮಲ್ಲೂ ಇದೆ, ಅಸ್ಸಾಂನಲ್ಲೂ ಇದೆ. ಮಧ್ಯದಲ್ಲಿ ಯಾಕಿಲ್ಲ?

ತುಂಗೆದಂಡೆ:
ನಮ್ಮ ಮನೆ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ. ತೋಟದ ಅಂಚಿನ ಅತ್ತಿ ಮರ ಹಣ್ಣಾದರೆ ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಬರುತ್ತದೆ. ಅದರ ರೆಕ್ಕೆ ಸದ್ದು ಕೇಳಿದರೆ ಅಜ್ಜಿ ಈಗಲೂ ರೈಲು ಬಂತು ಅಂತಾರೆ. ಅಡಿಕೆ ಮರದಲ್ಲಿ ಹಾರುವ ಓತಿಯೂ ಇದೆ. ಈಗ ಕೆಲಸಕ್ಕೆ ಶಿವಮೊಗ್ಗದಲ್ಲಿದ್ದೇನೆ. ಪೇಟೆ ಬಿಡಿ, ಹೊನ್ನಾಳಿ ರಸ್ತೆಯ ಅಡಿಕೆ ತೋಟಗಳಲ್ಲೂ ಇವೆರಡನ್ನೂ ನಾನು ನೋಡಿಲ್ಲ. ಹೋದ ತಿಂಗಳು ಭಾವ ಅಸ್ಸಾಂಗೆ ಹೋಗಿ ಬಂದರು, ಅವರ ಫೋಟೋದಲ್ಲಿ ಅದೇ ಮಂಗಟ್ಟೆ! ಊರಿಂದ 70 ಕಿಲೋಮೀಟರ್ ಆಚೆ ಸಿಗದ ಹಕ್ಕಿ 2,000 ಕಿಲೋಮೀಟರ್ ಆಚೆ ಸಿಗೋದು ಹೇಗೆ ಮಾರಾಯ್ರೆ?

ಮಳೆಗಾಲದವ:
ಮೊದಲು ಹತ್ತಿರದ್ದು ನೋಡೋಣ. ಆಗುಂಬೆ ಸುಮಾರು 650 ಮೀಟರ್ ಎತ್ತರ, ಶಿವಮೊಗ್ಗ 570ರ ಆಸುಪಾಸು. ಎತ್ತರದಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದರೆ ಸಮುದ್ರದ ಗಾಳಿ ಘಟ್ಟ ಹತ್ತುವಾಗಲೇ ನೀರು ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ, ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಸಾವಿರದ ಆಚೀಚೆ. ಕಾಡೇ ಬೇರೆ ಆಗುತ್ತದೆ. ಮಂಗಟ್ಟೆಗೆ ಗೂಡು ಮಾಡೋಕೆ ದೊಡ್ಡ ಪೊಟರೆ ಇರುವ ಹಳೇ ಮರ ಬೇಕು. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ವಾರಗಟ್ಟಲೆ ಹಣ್ಣು ತಂದು ಕೊಡಬೇಕು. ಬಯಲಿನಲ್ಲಿ ಅಷ್ಟು ಹಣ್ಣು ಎಲ್ಲಿಂದ ತರುತ್ತದೆ ಹೇಳಿ.

ಓತಿಯ ಕಥೆ ಬೇರೆ. ಹೊನ್ನಾಳಿ ಕಡೆ ತೋಟ ಇದೆ, ಇರುವೆಯೂ ಇದೆ, ಅದರ ಊಟವೇ ಇರುವೆ. ಆದರೆ ಅಲ್ಲಿಗೆ ಹೋಗೋದು ಹೇಗೆ? ಅದು ಮರದಿಂದ ಮರಕ್ಕೆ ತೇಲುವ ಪ್ರಾಣಿ, ಹೆಣ್ಣು ಮೊಟ್ಟೆ ಇಡೋಕೆ ಮಾತ್ರ ನೆಲಕ್ಕೆ ಬರುತ್ತದೆ. ಗದ್ದೆ ಬಯಲು ಸಿಕ್ಕಿದರೆ ಅಲ್ಲಿಗೇ ನಿಂತಿತು. ಒಂದು ಜಾಗದಲ್ಲಿ ಬದುಕೋಕೆ ಆಗುತ್ತಾ ಅನ್ನೋದು ಒಂದು ಪ್ರಶ್ನೆ, ಅಲ್ಲಿಗೆ ಬರೋಕೆ ದಾರಿ ಇತ್ತಾ ಅನ್ನೋದು ಇನ್ನೊಂದು. ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಕಪ್ಪೆಗೂಡು:
ಅಸ್ಸಾಂ ಪ್ರಶ್ನೆಗೂ ಅದೇ ಉತ್ತರ, ಆದರೆ ದಾರಿ ಹಳೇದು. ಮಧ್ಯದ ಒಣ ನೆಲ ಹಿಂದೆ ಒಮ್ಮೆ ಈಗಿನಕ್ಕಿಂತ ಹಸಿಯಾಗಿತ್ತು. ಆಗ ಕಾಡು ಒಂದಕ್ಕೊಂದು ಸೇರಿತ್ತು, ಆಮೇಲೆ ಒಣಗಿತು, ಎರಡು ತುದಿ ಉಳಿಯಿತು. ಸುಂದರ್ ಲಾಲ್ ಹೋರಾ ಅನ್ನುವ ಮೀನು ವಿಜ್ಞಾನಿ ಇದನ್ನು ಹೇಳಿದ್ದರು: ನಮ್ಮ ಘಟ್ಟದ ಹಳ್ಳಗಳ ಮೀನಿಗೂ ಈಶಾನ್ಯದ, ಮಲಯಾದ ಮೀನಿಗೂ ನೆಂಟಸ್ತನ ಇದೆ, ಮಧ್ಯ ಭಾರತದ ಸಾತ್ಪುರ ಬೆಟ್ಟಸಾಲೇ ಆಗ ಸೇತುವೆ ಆಗಿತ್ತು ಅಂತ. ಹಾರುವ ಓತಿಯ ಬೇರೆ ಜಾತಿಗಳೂ ಅಸ್ಸಾಂನಿಂದ ಆಗ್ನೇಯ ಏಷ್ಯಾದವರೆಗೆ ಇವೆ, ನಡುವೆ ಇಲ್ಲ.

ಅಂದಹಾಗೆ, ಅದೇ ಕಾಡಿನ ಸಣ್ಣ ಬೂದು ಮಂಗಟ್ಟೆ, ಕೊಕ್ಕಿನ ಮೇಲೆ ಕಿರೀಟ ಇಲ್ಲದ್ದು, ಪಶ್ಚಿಮಘಟ್ಟ ಬಿಟ್ಟು ಎಲ್ಲೂ ಇಲ್ಲ. ಅದನ್ನು ಭಾವನ ಫೋಟೋದಲ್ಲಿ ಹುಡುಕಬೇಡಿ.

ಸುಮ್ನೆಕೇಳಿದೆ:
ಮಂಗಟ್ಟೆಗೆ ರೆಕ್ಕೆ ಇದೆಯಲ್ಲ ಸ್ವಾಮಿ. ಹಾರಿಕೊಂಡು ಬಂದಿರಬಹುದು. ಸೇತುವೆ ಕಥೆ ಯಾಕೆ?

ಕಪ್ಪೆಗೂಡು:
ಮಂಗಟ್ಟೆಗೆ ಹಾಗೆ ಹೇಳಬಹುದು, ಆದರೆ ಬಂಡೆಗೆ ಅಂಟಿಕೊಂಡು ಬದುಕುವ ಹಳ್ಳದ ಮೀನು ಹಾರೋದಿಲ್ಲ ಅಲ್ವಾ? ನಿಮ್ಮ ಅನುಮಾನದಲ್ಲೂ ಹುರುಳಿದೆ. ಈಗ ಡಿಎನ್‌ಎ ನೋಡಿದರೆ ಬೇರೆ ಬೇರೆ ಪ್ರಾಣಿಗಳು ಬೇರೆ ಬೇರೆ ಕಾಲದಲ್ಲಿ ಅಗಲಿವೆ. ಎಲ್ಲವೂ ಒಂದೇ ಸೇತುವೆ ಮೇಲೆ ಒಂದೇ ದಿಬ್ಬಣದಲ್ಲಿ ಬಂದವಲ್ಲ. ದೂರ ಉಳಿದರೆ ಬೇರೆಯೂ ಆಗುತ್ತವೆ. ನಮ್ಮ ಆಗುಂಬೆಯ ಕಾಳಿಂಗವನ್ನೇ ನೋಡಿ. ಇಷ್ಟು ದಿನ ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಒಂದೇ ಜಾತಿ ಅಂದುಕೊಂಡಿದ್ದರು, 2024ರಲ್ಲಿ ನಾಲ್ಕು ಜಾತಿ ಅಂತ ಬೇರ್ಪಡಿಸಿದರು. ಪಶ್ಚಿಮಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ನಮ್ಮ ಮಾತೇ!

ಇನ್ನೂ ಹಳೇ ನೆಂಟಸ್ತನ ಬೇಕಾ? ಕೇರಳದಲ್ಲಿ ವರ್ಷವೆಲ್ಲ ಮಣ್ಣೊಳಗಿದ್ದು ಮಳೆ ಶುರುವಾದಾಗ ಮರಿ ಮಾಡೋಕೆ ಕೆಲವು ದಿನ ಮಾತ್ರ ಮೇಲೆ ಬರುವ ನೇರಳೆ ಕಪ್ಪೆ ಇದೆ. 2003ರಲ್ಲಿ ಅದಕ್ಕೆ ಹೆಸರಿಟ್ಟರು. ಅದರ ಹತ್ತಿರದ ಬಂಧುಗಳು ಸೀಷೆಲ್ಸ್ ದ್ವೀಪದಲ್ಲಿವೆ. ಕಪ್ಪೆ ಸಮುದ್ರ ಈಜಿಲ್ಲ, ನೆಲವೇ ಸೀಳಿ ದೂರ ಹೋಯಿತು. ಸೀಷೆಲ್ಸ್ ನಮ್ಮಿಂದ ಬಿಟ್ಟುಹೋಗಿ ಸುಮಾರು 6.5 ಕೋಟಿ ವರ್ಷ. ಆಗ ಭಾರತ ಇನ್ನೂ ಏಷ್ಯಾಕ್ಕೆ ತಾಗಿರಲೇ ಇಲ್ಲ.

ಕೊನೆಗೌಡ:
ನಾನು ತೋಟದವ, ನಂದೊಂದು ಮಾತು. ಓತಿ ಇಲ್ಲಿಯದು, ಅದು ಕೂರುವ ಅಡಿಕೆ ಮರ ಆಗ್ನೇಯ ಏಷ್ಯಾದಿಂದ ಬಂದದ್ದು. ಅದಕ್ಕೆ ಹಬ್ಬಿಸಿದ ಕಾಳುಮೆಣಸು ಮತ್ತೆ ನಮ್ಮ ಘಟ್ಟದ್ದೇ. ಬೇಲಿಯ ಲಂಟಾನ ಅಮೆರಿಕದ್ದು, ಹಣ್ಣು ತಿಂದು ಊರೆಲ್ಲ ಹರಡಿದ್ದು ನಮ್ಮ ಪಿಕಳಾರ. ಕಡಿದು ಕಡಿದು ನನ್ನ ಸೊಂಟ ಹೋಯಿತು. ಹಿಂದೆ ಭೂಮಿ ಸರಿದು, ಮಳೆ ಬದಲಾಗಿ ಆಗುತ್ತಿದ್ದ ಕೆಲಸವನ್ನು ಈಗ ಹಡಗು, ಲಾರಿ, ನರ್ಸರಿ ಮಾಡುತ್ತಿವೆ. ಸ್ವಲ್ಪ ಜಾಸ್ತಿನೇ ಬೇಗ.

ತುಂಗೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಕಾಳಿಂಗದ ಹೆಸರಿನ ವಿಷಯ ಅಜ್ಜಿಗೆ ಫೋನಲ್ಲಿ ಹೇಳಿದೆ. ಅದಕ್ಕೆ ಬೇರೆ ಏನು ಹೆಸರಿಡ್ತಾರೆ ಅಂದರು. ಭಾನುವಾರ ಬೈಕಲ್ಲಿ ಊರಿಗೆ ಹೋಗುವವನಿದ್ದೇನೆ. ಗಾಜನೂರು, ಮಂಡಗದ್ದೆ ಕಡೆ ತೋಟದಲ್ಲಿ ಹಾರುವ ಓತಿ ನೋಡಿದವರು ಯಾರಾದರೂ ಇದ್ದೀರಾ? ಅದರ ಗಡಿ ಎಲ್ಲಿ ಮುಗಿಯುತ್ತದೆ ಅಂತ ನಿಂತು ನಿಂತು ನೋಡಬೇಕು ಅಂತಿದ್ದೇನೆ.