ಬಾವಿಯ ಮೆಟ್ಟಿಲ ಮೇಲೆ ಹೆಡೆ ಎತ್ತಿದ್ದು ನಾಗರವೇ?

ಪ್ರಶ್ನೆ: ವಾರದಿಂದ ನಮ್ಮ ಬಾವಿಯ ಮೆಟ್ಟಿಲ ಮೇಲೆ ಒಂದು ಹಾವು ಬಿಸಿಲು ಕಾಯಿಸುತ್ತಿದೆ. ಹಳದಿ ಕಂದು ಮೈ, ಅದರ ಮೇಲೆ ಚದುರಂಗದ ಮಣೆಯಂಥ ಕಪ್ಪು ಚೌಕಗಳು. ನಿನ್ನೆ ಹತ್ತಿರ ಹೋದಾಗ ಕತ್ತು ಚಪ್ಪಟೆ ಮಾಡಿ ತಲೆ ಎತ್ತಿತು. ಕೊಡ ಬಿಟ್ಟು ಓಡಿದೆ. ನಾಗರವೇ?

ಉತ್ತರ 1: ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾದ ಕಪ್ಪು ಗೆರೆ ಇದೆಯೇ? ಇದ್ದರೆ ಅದು ನೀರೊಳ್ಳೆ ಹಾವು, ವಿಷವಿಲ್ಲ. 1799ರಲ್ಲಿ ಜರ್ಮನ್ ನಿಸರ್ಗಶಾಸ್ತ್ರಜ್ಞ ಷ್ನೈಡರ್ ಇದಕ್ಕೆ ಇಟ್ಟ ವೈಜ್ಞಾನಿಕ ಹೆಸರು ‘ಪಿಸ್ಕೇಟರ್’. ಲ್ಯಾಟಿನ್‌ನಲ್ಲಿ ಮೀನುಗಾರ ಎಂದರ್ಥ. ಕಪ್ಪೆಯನ್ನೂ ಬಿಡುವುದಿಲ್ಲ. ಬೆನ್ನಿನ ಹುರುಪೆಗಳ ಮೇಲೆ ಸಣ್ಣ ಏಣು ಇರುವುದರಿಂದ ಮೈ ಒರಟು. ಸ್ವಭಾವವೂ ಹಾಗೆಯೇ! ಮೀನಿನ ಬಲೆಯಿಂದ ಒಂದನ್ನು ಬಿಡಿಸುವಾಗ ನನ್ನ ಹೆಬ್ಬೆರಳಿಗೆ ಎರಡು ಸಲ ಕಚ್ಚಿತು. ಮುಳ್ಳು ಗೀರಿದಂತೆ ರಕ್ತ ಬಂತು, ಸೋಪು ಹಾಕಿ ತೊಳೆದೆ. ಉಪಕಾರ ಸ್ಮರಣೆ ಅದರ ಜಾಯಮಾನದಲ್ಲಿಲ್ಲ.

ಉತ್ತರ 2: ಇದನ್ನು ಓದಿ ಗುರುತು ಸಿಗದ ಹಾವಿಗೆ ಕೈ ಹಾಕಬೇಡಿ. ಕಚ್ಚಿದ್ದು ಯಾವುದೆಂದು ಖಚಿತವಿಲ್ಲದಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ದೂರದಿಂದಲೇ ಮೊಬೈಲ್‌ನಲ್ಲಿ ಚಿತ್ರ ಹಿಗ್ಗಿಸಿ ನೋಡಿದೆ. ಎರಡೂ ಗೆರೆಗಳಿವೆ. ಬಾಯಿಂದ ಕಪ್ಪೆಯ ಒಂದು ಕಾಲು ಇನ್ನೂ ಹೊರಗಿತ್ತು. ಕೊಡ ನಾಳೆ ತರುತ್ತೇನೆ.